ಹೊಳೆಬಸಾಪುರದ ವಾಚನಾಲಯದ ಮೇಜು

ನಾನು ಬೇವಿನ ಮರದ ಒಂದು ಮೇಜು. ನನ್ನ ಮರ ಹೊಳೆಬಸಾಪುರದ ನೇಕಾರರ ಓಣಿಯ ಬಾಯಲ್ಲಿ ನಿಂತಿತ್ತು. ಒಂದು ಬೇಸಿಗೆಯ ಬಿರುಗಾಳಿಗೆ ಬುಡಸಮೇತ ಉರುಳಿತು. ಯಾರ ಮನೆಯ ಮೇಲೂ ಬೀಳದೆ, ಯಾರ ದನಕ್ಕೂ ಪೆಟ್ಟಾಗದಂತೆ, ಬೀದಿಯ ಉದ್ದಕ್ಕೆ ಮಲಗಿಕೊಂಡಿತಂತೆ. ಅಷ್ಟು ಸಭ್ಯವಾಗಿ ಬಿದ್ದ ಮರವನ್ನು ಒಲೆಗೆ ಹಾಕಲು ಊರವರಿಗೆ ಮನಸ್ಸಾಗಲಿಲ್ಲ. ನೇಕಾರರ ಸಂಘಕ್ಕೆ ಬಟ್ಟೆ ಮಡಚಲು ದೊಡ್ಡದೊಂದು ಮೇಜು ಬೇಕಿತ್ತು. ಹಾಗಾಗಿ ನಾನು ಹುಟ್ಟಿದೆ.

ನನ್ನನ್ನು ಮಾಡಿದವನು ಮೌನೇಶ ಬಡಿಗೇರ. ಮಾತು ಕಡಿಮೆ, ಬೀಡಿ ಜಾಸ್ತಿ. ನನ್ನ ಕಾಲುಗಳ ಬಗ್ಗೆ ಅವನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ, ಅವು ಇಂದಿಗೂ ಒರಟೇ. ಆದರೆ ಮೈಯನ್ನು ಮಾತ್ರ ಕೀಸಿ ಕೀಸಿ ನುಣುಪು ಮಾಡಿದ. ಹೊಳೆಬಸಾಪುರದವರು ನೇಯುತ್ತಿದ್ದದ್ದು ಖಣ, ಅಂದರೆ ಕುಪ್ಪಸದ ಬಟ್ಟೆ. ಮೇಜಿನಲ್ಲಿ ಸಣ್ಣದೊಂದು ಸಿಬಿರಿದ್ದರೂ ಅದರ ರೇಷ್ಮೆ ಎಳೆ ಎದ್ದುಬಿಡುತ್ತದೆ. ಕೆಲಸ ಮುಗಿಯಿತೆಂದು ಎಲ್ಲರೂ ಅಂದ ಮೇಲೂ ಮೌನೇಶ ಹೆಂಡತಿಯ ಹಳೆಯ ಕುಪ್ಪಸವೊಂದನ್ನು ತಂದು ನನ್ನ ಮೇಲೆ ಎಳೆದಾಡಿದ. ಸಿಕ್ಕಿಕೊಂಡಲ್ಲಿ ಮತ್ತೆ ಕೀಸಿದ. ಕೊನೆಗೆ ಬಟ್ಟೆ ನೀರಿನ ಹಾಗೆ ಜಾರಿಹೋದಾಗ ಬೀಡಿ ಹಚ್ಚಿದ.

ಕೆಲವು ವರ್ಷ ನಾನು ಬಣ್ಣಗಳ ನಡುವೆ ಬಾಳಿದೆ. ಕೆಂಪು, ಹಸಿರು, ನವಿಲುಗತ್ತಿನ ನೀಲಿ. ಗಂಡಸರು ನೇಯ್ದದ್ದನ್ನು ಹೆಂಗಸರು ನನ್ನ ಮೇಲೆ ಹರಡಿ, ತಪ್ಪು ಹುಡುಕಿ, ಮಡಚಿ ಕಟ್ಟುತ್ತಿದ್ದರು. ಆಮೇಲೆ ದೂರದ ಊರುಗಳಲ್ಲಿ ಯಂತ್ರದ ಮಗ್ಗಗಳು ಬಂದವಂತೆ. ನನ್ನ ಮೇಲೆ ಬೀಳುವ ಬಟ್ಟೆ ಕಡಿಮೆಯಾಯಿತು. ಒಂದು ದಿನ ಸಂಘದ ಬಾಗಿಲಿಗೆ ಬೀಗ ಬಿತ್ತು. ಕತ್ತಲಲ್ಲಿ ಹಲ್ಲಿಗಳ ಜೊತೆ ನಾನೊಬ್ಬನೇ ಉಳಿದೆ.

ಬೀಗ ಮತ್ತೆ ತೆಗೆದದ್ದು ವಾಚನಾಲಯಕ್ಕಾಗಿ. ಪಂಚಾಯತಿಗೆ ಬೇರೆ ಕಟ್ಟಡವಿರಲಿಲ್ಲ, ಬೇರೆ ಮೇಜೂ ಇರಲಿಲ್ಲ. ಒಂದು ಕಬ್ಬಿಣದ ಕಪಾಟು ಬಂತು, ಅದರೊಳಗೆ ಪುಸ್ತಕ ಬಂದವು, ಗೋಡೆಗೆ ಒಂದು ಫಲಕ ಬಂತು. ಖಣ ಹರಡುತ್ತಿದ್ದ ನನ್ನ ಮೈಮೇಲೆ ವರ್ತಮಾನಪತ್ರಿಕೆ ಹರಡಿದರು.

ಮೇಜಿಗೆ ಮನುಷ್ಯರು ಕೆಳಗಿನಿಂದ ಕಾಣುತ್ತಾರೆ. ಮೊದಲು ಮೊಣಕೈ, ಆಮೇಲೆ ಗದ್ದ, ಆಮೇಲೆ ಓದುವಾಗ ಅಲುಗುವ ತುಟಿ. ಮೊಣಕೈ ನೋಡಿಯೇ ನಾನು ಕಸುಬು ಹೇಳಬಲ್ಲವನಾದೆ. ನೇಕಾರನ ಮೊಣಕೈ ಸುಮ್ಮನಿರುವುದಿಲ್ಲ, ಓದುವಾಗಲೂ ಮಗ್ಗದ ಲಾಳಿ ಎಸೆದಂತೆ ಆಡುತ್ತಿರುತ್ತದೆ. ಒಕ್ಕಲಿಗನದು ಒಮ್ಮೆ ಊರಿದರೆ ನೇಗಿಲ ಹಾಗೆ ನೆಟ್ಟು ನಿಲ್ಲುತ್ತದೆ.

ಯಾವ ಪುಸ್ತಕ ಬೇಕೆಂದು ಊರನ್ನು ಯಾರೂ ಕೇಳುತ್ತಿರಲಿಲ್ಲ. ಪಟ್ಟಣದವರು ಕಳಿಸಿದ್ದು ಬರುತ್ತಿತ್ತು. ಆದರೆ ಬಂದದ್ದನ್ನು ಹೇಗೆ ಓದಬೇಕೆಂಬುದನ್ನು ಊರೇ ತೀರ್ಮಾನಿಸುತ್ತಿತ್ತು. ಒಮ್ಮೆ ಕಡಲ ಚಿಪ್ಪುಗಳ ಬಗ್ಗೆ ಬಣ್ಣದ ಚಿತ್ರಗಳಿದ್ದ ದಪ್ಪ ಪುಸ್ತಕವೊಂದು ಬಂತು. ಅದರ ಒಂದು ಸಾಲನ್ನೂ ಯಾರೂ ಓದಲಿಲ್ಲ. ಆದರೆ ಮನೆಯಲ್ಲಿ ಇನ್ನೂ ಮಗ್ಗ ಉಳಿಸಿಕೊಂಡಿದ್ದ ನೇಕಾರರು ಪುಟದ ಮೇಲೆ ಬೆರಳಾಡಿಸಿ ಸುರುಳಿಗಳನ್ನು ಅಳೆದರು. ಆ ವರ್ಷ ಕಡಲನ್ನೇ ಕಾಣದ ಹೊಳೆಬಸಾಪುರದ ಕುಪ್ಪಸಗಳ ಮೇಲೆ ಶಂಖಗಳು ಮೂಡಿದವು. ಬದುವಿನ ಜಗಳ ಹತ್ತಿದ ಅಣ್ಣತಮ್ಮಂದಿರಿಬ್ಬರು ಒಂದೇ ಕಾಯ್ದೆ ಪುಸ್ತಕವನ್ನು ಸರದಿಯ ಮೇಲೆ ಒಯ್ದು, ಅವರವರಿಗೆ ಬೇಕಾದ ಪುಟಗಳಿಗೆ ಕಿವಿ ಮಡಚಿ ತಂದಿಡುತ್ತಿದ್ದರು.

ಪತ್ರಿಕೆ ಓದುವ ಹಕ್ಕು ಮಾತ್ರ ಗುರುಸಿದ್ದಪ್ಪ ಬಣ್ಣದ ಅವರದಾಗಿತ್ತು. ಅವರು ನೂಲಿಗೆ ಬಣ್ಣ ಹಾಕುವ ಮನೆತನದವರು. ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿ. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಹಟ. ಮಧ್ಯಾಹ್ನ ಊಟವಾದ ಮೇಲೆ ಬಂದು, ಕನ್ನಡಕ ಏರಿಸಿ, ಅಕ್ಷರ ಬಾರದವರಿಗೆಲ್ಲ ಕೇಳುವಂತೆ ಓದುತ್ತಿದ್ದರು. ತಮಗೆ ಒಪ್ಪದ ಸುದ್ದಿ ಬಂದರೆ ನಿಲ್ಲಿಸಿ, ಮೊದಲು ಅದಕ್ಕೆ ಉತ್ತರ ಕೊಟ್ಟು, ಆಮೇಲೆ ಮುಂದೆ ಹೋಗುತ್ತಿದ್ದರು.

ಅಣೆಕಟ್ಟಿನ ಸುದ್ದಿಯೂ ನನ್ನ ಮೇಲೆಯೇ ಓದಿಸಿಕೊಂಡಿತು. ಹೊಳೆಯ ಕೆಳಗೆಲ್ಲೋ ಕಟ್ಟೆ ಎತ್ತರವಾಗುತ್ತದೆ, ಹಿನ್ನೀರು ಬರುತ್ತದೆ, ಮುಳುಗುವ ಊರುಗಳಲ್ಲಿ ಹೊಳೆಬಸಾಪುರವೂ ಇದೆ. ಗುರುಸಿದ್ದಪ್ಪ ಓದಿ ಮುಗಿಸಿದರು. ಆ ಸುದ್ದಿಗೆ ಅವರು ಉತ್ತರ ಕೊಡಲಿಲ್ಲ. ಪತ್ರಿಕೆಯನ್ನು ಮಡಚಿ ಅಂಗೈಯಿಂದ ಒತ್ತಿ ಕೂತುಬಿಟ್ಟರು. ಆ ಅಂಗೈ ನನ್ನ ಮೇಲೆ ಬಹಳ ಹೊತ್ತು ಇತ್ತು.

ಊರು ಒಮ್ಮೆಲೇ ಹೋಗುವುದಿಲ್ಲ. ಮೊದಲು ಜನ ಮನೆಯ ಬಾಗಿಲು, ತೊಲೆ, ಕಿಟಕಿ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದರು. ದಿಬ್ಬದ ಮೇಲೆ ಸರಕಾರ ಹೊಸ ಊರಿಗೆ ಜಾಗ ಗೊತ್ತು ಮಾಡಿತ್ತು. ಗುಡಿಯ ದೇವರು ಹೋಯಿತು, ಸಾಲಿಯ ಬೆಂಚು ಹೋದವು. ವಾಚನಾಲಯವನ್ನು ಯಾರೂ ನೆನೆಸಲಿಲ್ಲ, ಅನಸೂಯಾ ಹೂಗಾರ ಎಂಬ ಹೆಣ್ಣುಮಗಳೊಬ್ಬಳ ಹೊರತು. ಅವಳು ಆ ವರ್ಷವೇ ವಾಚನಾಲಯ ನೋಡಿಕೊಳ್ಳಲು ಸೇರಿದ್ದಳು. ತೆಳ್ಳಗಿನ ಮೈ, ಮೆಲುದನಿ. ಊರವರು ಅವಳನ್ನು ಅಕ್ಕಾರು ಎನ್ನುತ್ತಿದ್ದರು. ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅವರಿವರ ಟ್ರ್ಯಾಕ್ಟರಿನ ಮೂಲೆಯಲ್ಲಿ ಏರಿಸಿ ಕಳಿಸಿದಳು. ಕಪಾಟನ್ನೂ ಸಾಗಿಸಿದಳು. ನನ್ನನ್ನು ಮಾತ್ರ ಯಾರೂ ಒಪ್ಪಲಿಲ್ಲ. ಭಾರ ಬಹಳ, ಹೊಸದನ್ನು ಸರಕಾರ ಕೊಡುತ್ತದೆ ಅಂದರು.

ಮಳೆಗಾಲ ಬಂತು. ನೀರು ನೇಕಾರರ ಓಣಿಯ ಹಿತ್ತಲಿಗೆ ಏರಿತು. ಟ್ರ್ಯಾಕ್ಟರು ಬರುವ ದಾರಿ ಕೆಸರಾಗಿ ಹೋಯಿತು. ಒಂದು ಬೆಳಿಗ್ಗೆ ಅನಸೂಯಾ ಅಂಬಿಗೇರ ಯಮನಪ್ಪನನ್ನು ಕರೆದುಕೊಂಡು ಬಂದಳು. ಯಮನಪ್ಪ ಹೊಳೆಯಲ್ಲಿ ಹರಗೋಲು ನಡೆಸುವವನು. ಊರಿನವರು ಆಚೆ ದಡದ ಸಂತೆಗೆ, ಬೀಗರ ಮನೆಗೆ, ಹೆರಿಗೆಗೆ ಹೋದದ್ದೆಲ್ಲ ಅವನ ಮನೆಯವರ ಹರಗೋಲಿನಲ್ಲೇ. ಆದರೆ ಅವನು ವಾಚನಾಲಯದ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ನನ್ನ ಮೇಲೆ ಅಂಬಿಗರ ಮೊಣಕೈ ಎಂದೂ ಊರಿರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು.

ಅವನೂ ಅವನ ಮಕ್ಕಳೂ ಎರಡು ಹರಗೋಲು ಜೋಡಿಸಿ ಕಟ್ಟಿ, ನನ್ನನ್ನು ಕಾಲು ಮೇಲಾಗಿ ಅದರ ಮೇಲೆ ಮಲಗಿಸಿದರು. ನೀರು ನನ್ನಿಂದ ಅಂಗುಲದಷ್ಟು ಕೆಳಗೆ ಸರಿಯುತ್ತಿತ್ತು. ಬಾಗಿಲಿಲ್ಲದ ಮನೆಗಳು ಹಿಂದೆ ಹಿಂದೆ ಹೋದವು. ದಡ ಮುಟ್ಟಿದ ಮೇಲೆ ಅನಸೂಯಾ, ಇನ್ನಾದರೂ ವಾಚನಾಲಯಕ್ಕೆ ಬರುತ್ತಿರು ಎಂದು ಅವನಿಗೆ ಹೇಳಿದಳು. ಯಮನಪ್ಪ ನಕ್ಕ.

"ಓದಾಕ ಬರಂಗಿಲ್ರೀ ಅಕ್ಕಾರ. ದಾಟ್ಸಾಕ ಬರ್ತೈತಿ."

ಹೊಸ ಊರಿನಲ್ಲಿ ರಸ್ತೆಗಳು ಗೆರೆ ಎಳೆದಂತೆ ನೆಟ್ಟಗಿದ್ದವು. ಚೀಟಿ ಎತ್ತಿ ಜಾಗ ಹಂಚಿದ್ದರಿಂದ ನೆರೆಹೊರೆಯವರು ದಿಕ್ಕಾಪಾಲಾಗಿದ್ದರು. ಉಪ್ಪು ಕೇಳಲು ಹೋಗುತ್ತಿದ್ದ ಮನೆ ಊರಿನ ಇನ್ನೊಂದು ತುದಿಗೆ ಹೋಗಿತ್ತು. ಎಲ್ಲ ಮನೆಗಳೂ ಒಂದೇ ಬಣ್ಣ, ಒಂದೇ ಎತ್ತರ. ನನಗೆ ಸಮುದಾಯ ಭವನದ ಪಕ್ಕದ ಕೋಣೆ ಸಿಕ್ಕಿತು. ಅನಸೂಯಾ ದಿನಾ ಬಾಗಿಲು ತೆಗೆದು, ಕಸ ಹೊಡೆದು, ಪತ್ರಿಕೆ ಹರಡಿ ಕೂರುತ್ತಿದ್ದಳು. ಜನ ಬರುತ್ತಿರಲಿಲ್ಲ. ಇಲ್ಲಿ ಒಂದು ವಾಚನಾಲಯವಿದೆ ಎಂಬುದೇ ಹಲವರಿಗೆ ಗೊತ್ತಿರಲಿಲ್ಲ. ಹೊಳೆ ದೂರವಾದ ಮೊದಲ ವರ್ಷವೇ ಯಮನಪ್ಪ ತೀರಿಹೋದ ಎಂಬ ಸುದ್ದಿ ಯಾರದೋ ಬಾಯಿಂದ ನನ್ನ ಕಿವಿಗೆ ಬಿತ್ತು. ಅವನ ಹೆಂಡತಿ ಹುಲಿಗೆವ್ವ ಕೊನೆಯ ಸಾಲಿನ ಮನೆಯೊಂದರಲ್ಲಿ ಮಕ್ಕಳ ಜೊತೆ ಇದ್ದಳು.

ಗುರುಸಿದ್ದಪ್ಪ ಒಂದು ದಿನ ಬೆವರುತ್ತ ಒಳಗೆ ಬಂದರು. ತಮ್ಮ ಮನೆ ಹುಡುಕುತ್ತ ಮೂರು ಬೇರೆ ಮನೆಗಳ ಬಾಗಿಲು ಬಡಿದು, ನಾಚಿಕೆಯಾಗಿ ಇಲ್ಲಿಗೆ ನುಗ್ಗಿದ್ದರು. ಅನಸೂಯಾ ನೀರು ಕೊಟ್ಟಳು. ಅವರು, ಹಳೆಯ ಊರಿನಲ್ಲಾಗಿದ್ದರೆ ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರುತ್ತಿದ್ದೆ ಎಂದರು. ಅಲ್ಲಿದ್ದ ಸೀಮೆಸುಣ್ಣ ತೆಗೆದುಕೊಂಡು ನನ್ನ ಮೇಲೆ ಒಂದು ಗೆರೆ ಎಳೆದರು. ಇದು ನಮ್ಮ ಓಣಿ. ಇಲ್ಲಿ ಸಂಘ. ಇಲ್ಲಿ ಬಣ್ಣದ ಹಂಡೆ ಇಡುತ್ತಿದ್ದ ಕಟ್ಟೆ. ಎಳೆಯುತ್ತ ಎಳೆಯುತ್ತ ಅವರ ಉಸಿರು ಹದಕ್ಕೆ ಬಂತು.

ಅನಸೂಯಾ ಅದನ್ನು ಒರೆಸಲಿಲ್ಲ. ಮರುದಿನ ಗುರುಸಿದ್ದಪ್ಪನವರ ಗೆಳೆಯರೊಬ್ಬರು ಬಂದು, ಬಾವಿ ಓಣಿಯ ಬಲಕ್ಕಿತ್ತು, ಎಡಕ್ಕೆ ಬರೆದಿದ್ದೀಯ ಎಂದು ಜಗಳ ತೆಗೆದರು. ಸಾಕ್ಷಿ ಹೇಳಲು ಇನ್ನಿಬ್ಬರು ಬಂದರು. ಹಾಗೆ ಶುರುವಾಯಿತು. ಸಂಜೆಯಾದರೆ ನನ್ನ ಸುತ್ತ ಜನ. ಗುಡಿ ಬಂತು, ಸಾಲಿ ಬಂತು, ಗಿರಣಿ ಬಂತು, ಪಗಡೆ ಆಡುತ್ತಿದ್ದ ಕಟ್ಟೆ ಬಂತು. ಹೆಂಗಸರು ಬಂದು ತವರಿನ ಕಡೆಯ ದಾರಿ ಬರೆಸಿದರು. ಬಂದವರು ಕಾಯುತ್ತ ಕೂತಾಗ ಪುಸ್ತಕ ತೆಗೆದು ನೋಡಿದರು, ಕೆಲವರು ಮನೆಗೂ ಒಯ್ದರು. ಗುರುಸಿದ್ದಪ್ಪ ಮತ್ತೆ ಪತ್ರಿಕೆ ಓದತೊಡಗಿದರು. ಸೀಮೆಸುಣ್ಣ ಅಳಿಸುತ್ತದೆ, ಎಣ್ಣೆಬಣ್ಣದಲ್ಲೇ ಬರೆಸಿಬಿಡೋಣ ಎಂದು ಎಲ್ಲರೂ ಸೇರಿ ನಿರ್ಧರಿಸಿದರು. ಫಲಕ ಬರೆಯುವ ಪೇಂಟರನಿಗೆ ಹೇಳಿಯೂ ಆಯಿತು.

ಪೇಂಟರ್ ಬರುವ ಹಿಂದಿನ ಸಂಜೆ ಹುಲಿಗೆವ್ವ ಬಾಗಿಲಲ್ಲಿ ನಿಂತಳು. ಊರೆಲ್ಲ ಮೇಜಿನ ಮೇಲೆ ಇದೆಯೆಂದು ಕೇಳಿ ನೋಡಲು ಬಂದಿದ್ದಳು. ಅನಸೂಯಾ ಕೈಹಿಡಿದು ಒಳಗೆ ಕರೆದಳು. ಜನ ದಾರಿ ಬಿಟ್ಟರು. ಹುಲಿಗೆವ್ವ ನನ್ನ ಅಂಚಿನಲ್ಲಿ ಎಳೆದಿದ್ದ ಹೊಳೆಯ ಗೆರೆಯನ್ನು ಗುರುತಿಸಿದಳು. ಅದರ ಮೇಲೆ ಬೆರಳಿಟ್ಟು ಮೆಲ್ಲಗೆ ಸರಿಸುತ್ತ ಹೋದಳು. ಬೆರಳು ಒಂದು ಕಡೆ ನಿಂತಿತು.

"ನಮ್ಮ ಮನಿ ಎಲ್ಲೈತ್ರೀ?" ಎಂದು ಕೇಳಿದಳು.

ಹೊಳೆಗೂ ನೇಕಾರರ ಓಣಿಗೂ ನಡುವೆ ಏನೂ ಇರಲಿಲ್ಲ. ಓಣಿ ನೇರವಾಗಿ ನೀರಿಗೆ ತಾಗಿತ್ತು. ಅಂಬಿಗರ ಕೇರಿ, ಅವರ ಹರಗೋಲು ಮಗುಚಿ ಒಣಗಿಸುತ್ತಿದ್ದ ಮರಳು, ಬಲೆ ಹರವುತ್ತಿದ್ದ ಗೂಟಗಳು, ಯಾವುದೂ ಇರಲಿಲ್ಲ. ಮೇಜು ಸಾಲಲಿಲ್ಲ, ದಂಡೆಯ ಕಡೆ ಜಾಗ ಉಳಿಯಲಿಲ್ಲ ಎಂದರು ಗುರುಸಿದ್ದಪ್ಪ. ಅದು ಸುಳ್ಳಾಗಿರಲಿಲ್ಲ. ಅವರ ಓಣಿಯೊಂದೇ ನನ್ನ ಅರ್ಧ ಮೈಯನ್ನು ತುಂಬಿತ್ತು.

ಹುಲಿಗೆವ್ವನ ದನಿ ಏರಲಿಲ್ಲ. "ಊರ ಮಂದಿನೆಲ್ಲಾ ದಾಟಿಸಿದವ್ರು ನಾವು. ಊರಾಗ ನಾವಿಲ್ಲೇನ್ರೀ?"

ಅವಳು ಹೋದ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಚಪ್ಪಲಿ ಹಾಕಿಕೊಂಡರು. ನನಗೆ ನಾಲಿಗೆ ಇದ್ದಿದ್ದರೆ, ನನ್ನನ್ನು ಇಲ್ಲಿಗೆ ತಂದದ್ದು ಯಾರ ಹರಗೋಲು ಎಂದು ಹೇಳುತ್ತಿದ್ದೆ. ಅನಸೂಯಾಗೆ ಅದನ್ನು ಹೇಳುವ ಅಗತ್ಯವಿರಲಿಲ್ಲ. ಅವಳು ಒಬ್ಬಳೇ ಕುರ್ಚಿಯಲ್ಲಿ ಕೂತು, ಆ ಖಾಲಿ ಜಾಗವನ್ನೇ ನೋಡುತ್ತ ಅತ್ತಳು. ಮರುದಿನ ಬಂದ ಪೇಂಟರನನ್ನು ಸುಮ್ಮನೆ ವಾಪಸು ಕಳಿಸಿದಳು.

ಆಮೇಲೆ ಅವಳು ಗುರುಸಿದ್ದಪ್ಪನವರಿಗೆ, ನಿಮ್ಮ ಓಣಿ ಸ್ವಲ್ಪ ಕಿರಿದು ಮಾಡಬೇಕಾಗುತ್ತದೆ ಎಂದಳು. ಅವರು ಕೆರಳಿದರು. ನಾನು ಶುರು ಮಾಡಿದ್ದು, ನನ್ನ ಮನೆಯನ್ನೇ ಅಳಿಸುವುದೇ, ಒಮ್ಮೆ ಮುಳುಗಿದ್ದು ಸಾಲದೇ ಎಂದರು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಅವರ ಹಿಂದೆ ಅವರ ಓಣಿಯವರೂ ಬರುವುದು ಬಿಟ್ಟರು. ಅನಸೂಯಾ ಪತ್ರಿಕೆಯನ್ನು ತಾನೇ ಓದಲು ನೋಡಿದಳು. ಆದರೆ ಕೇಳುವವರು ಇರಲಿಲ್ಲ. ಸೀಮೆಸುಣ್ಣದ ಊರಿನ ಮೇಲೆ ಧೂಳು ಕೂತಿತು. ಈ ಬಾಗಿಲಿಗೂ ಬೀಗ ಬೀಳುತ್ತದೆಂದು ನಾನು ಅಂದುಕೊಂಡೆ.

ಗುರುಸಿದ್ದಪ್ಪ ತಿರುಗಿ ಬಂದದ್ದು ಒಂದು ಸೋಮವಾರ. ಮುಖ ಬಾಡಿತ್ತು, ಗಡ್ಡ ಬೆಳೆದಿತ್ತು. ಅವರ ಹೆಂಡತಿ ಏನೋ ಹೇಳಿದ್ದಳೆಂದು ಕಾಣುತ್ತದೆ. ಮಗಳ ಚೊಚ್ಚಲ ಹೆರಿಗೆಯ ದಿನ ಹೊಳೆ ತುಂಬಿ ಹರಿಯುತ್ತಿದ್ದಾಗ ಆಚೆ ದಡದ ದವಾಖಾನೆಗೆ ಒಯ್ದವನು ಯಮನಪ್ಪ, ಅದನ್ನು ನಾನೇ ಮರೆತೆನಲ್ಲ ಎಂದು ಅವರು ಅನಸೂಯಾಗೆ ಹೇಳಿದರು. ಹೇಳಿ, ತಂಬಿಗೆಯ ನೀರಿನಲ್ಲಿ ಟವೆಲ್ಲು ಅದ್ದಿದರು. ತಮ್ಮ ಮನೆಯ ಮೇಲಿನಿಂದಲೇ ಒರೆಸಲು ಶುರುಮಾಡಿದರು. ಓಣಿ ಹೋಯಿತು, ಬಾವಿ ಹೋಯಿತು, ಗುಡಿಯೂ ಹೋಯಿತು. ಅನಸೂಯಾ ತಡೆಯಲು ಕೈ ಚಾಚಿದಳು.

"ಇರ್ಲಿ ತಗೀರಿ ಅಕ್ಕಾರ. ಮೊದಲಿಂದ ಬರಿಯೂಣು. ಈ ಸಲ ಹೊಳಿಯಿಂದ ಚಾಲೂ ಮಾಡೂಣು."

ಅದೇ ಸಂಜೆ ಇಬ್ಬರೂ ಕೊನೆಯ ಸಾಲಿಗೆ ಹೋದರು. ಅಂಬಿಗರ ಮನೆಯ ಬಾಗಿಲಿಗೆ ಗುರುಸಿದ್ದಪ್ಪ ಹೋದದ್ದು ಬದುಕಿನಲ್ಲಿ ಅದೇ ಮೊದಲಂತೆ. ಹುಲಿಗೆವ್ವ ಅವರನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ರೊಟ್ಟಿ ಬಡಿಯುವುದು ಮುಗಿಯುವವರೆಗೂ ಕಾಯಿಸಿದಳು. ಗುರುಸಿದ್ದಪ್ಪ ಕೂತರು. ಅವರ ಪಾಲಿಗೆ ಅದು ದೊಡ್ಡ ಕೆಲಸವೇ. ಆಮೇಲೆ ಅವಳು ಬಿಸಿ ರೊಟ್ಟಿ ತಂದು ಮುಂದಿಟ್ಟಳು. ಅವರು ತಿಂದರು. ಇದನ್ನೆಲ್ಲ ಅನಸೂಯಾ ಮರುದಿನ ಬಂದವರಿಗೆ ಹೇಳುವಾಗ ನಾನು ಕೇಳಿಸಿಕೊಂಡೆ.

ಈ ಸಲ ಮೊದಲ ಗೆರೆ ಎಳೆದವಳು ಹುಲಿಗೆವ್ವ. ಸೀಮೆಸುಣ್ಣ ಹಿಡಿದು ಅವಳಿಗೆ ರೂಢಿಯಿರಲಿಲ್ಲ. ಹೊಳೆ ನಡುಗುತ್ತ ಬಂತು, ನೀರು ಹರಿಯುವ ಹಾಗೆಯೇ ಬಂತು. ದಂಡೆಯ ಮೇಲೆ ಅವಳ ಕೇರಿ ಎದ್ದಿತು. ಗಂಡ ಹರಗೋಲು ಕಟ್ಟುತ್ತಿದ್ದ ಕಲ್ಲಿಗೆ ಬಂದಾಗ ಅವಳ ಕೈ ನಿಂತಿತು. ಗುರುಸಿದ್ದಪ್ಪ ಆ ಕಲ್ಲನ್ನು ತಾವೇ ಬರೆದರು. ಸುದ್ದಿ ಹಬ್ಬಿ, ಮೊದಲ ಸಲ ಯಾರೂ ಕರೆಯದಿದ್ದ ಇತರ ಕೇರಿಗಳವರೂ ಬಂದರು. ಮಾದರ ಕೇರಿಯ ಹೆಂಗಸರು ತಮ್ಮ ಬೇವಿನ ಕಟ್ಟೆಯನ್ನು, ಬಾರಿಸುವ ಹಲಗೆಯ ಚರ್ಮ ಕಾಯಿಸಲು ಬೆಂಕಿ ಹಾಕುತ್ತಿದ್ದ ಜಾಗವನ್ನು ಬರೆದರು. ಅವರವರ ಕೇರಿಯನ್ನು ಅವರವರೇ ಬರೆಯಬೇಕು ಎಂಬುದು ಅನಸೂಯಾ ಮಾಡಿದ ನಿಯಮ. ಅದರಿಂದ ಊರು ಸೊಟ್ಟಸೊಟ್ಟವಾಯಿತು. ಗುಡಿಗಿಂತ ಕೆಲವು ಮನೆಗಳು ದೊಡ್ಡವಾದವು. ಒಂದು ಕೋಳಿಗೂಡು ಪಂಚಾಯತಿ ಕಟ್ಟೆಯಷ್ಟೇ ಇತ್ತು. ನೇಕಾರರ ಓಣಿ ಒಂದು ಗೇಣಿಗೆ ಇಳಿಯಿತು. ಗುರುಸಿದ್ದಪ್ಪ ಅದರ ಮೇಲೆ ಕೈಯಿಟ್ಟು ಅಳೆದು ನಕ್ಕರು. ಪೇಂಟರ್ ಬಂದು ಅದನ್ನೆಲ್ಲ ಹಾಗೆಯೇ ಬಣ್ಣಕ್ಕಿಳಿಸಿದ. ಹೊಳೆಗೆ ಬೇಕಾದ ನೀಲಿಯನ್ನು ಗುರುಸಿದ್ದಪ್ಪನವರೇ ನಿಂತು ಕಲೆಸಿಕೊಟ್ಟರು.

ಅಲ್ಲಿಂದ ಮುಂದೆ ವಾಚನಾಲಯಕ್ಕೆ ಬರದವರೇ ಕಡಿಮೆಯಾದರು. ಅಂಬಿಗರು ಬಂದ ಮೇಲೆ ಅನಸೂಯಾ ಪಟ್ಟಣಕ್ಕೆ ಹೋಗಿ, ಹಿನ್ನೀರಿನಲ್ಲಿ ಮೀನು ಸಾಕುವ ಬಗ್ಗೆ ಪುಸ್ತಕ ಬೇಕೆಂದು ಹಟ ಹಿಡಿದು ತಂದಳು. ಈಗ ಊರು ಕೇಳುವುದನ್ನು ಕಲಿತಿತ್ತು. ಆ ಪುಸ್ತಕದ ಹಾಳೆಗಳು ಸ್ವಲ್ಪ ದಿನದಲ್ಲೇ ಒದ್ದೆ ಬೆರಳುಗಳಿಂದ ಉಬ್ಬಿದವು. ಮಧ್ಯಾಹ್ನದ ಪತ್ರಿಕೆ ಓದಿಗೆ ಹುಲಿಗೆವ್ವ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಗುರುಸಿದ್ದಪ್ಪ ಸುದ್ದಿಗೆ ಉತ್ತರ ಕೊಟ್ಟರೆ, ಅವಳು ಗುರುಸಿದ್ದಪ್ಪನವರಿಗೆ ಉತ್ತರ ಕೊಡುತ್ತಿದ್ದಳು. ಅವರು ತೀರಿಕೊಂಡಾಗ ಕೆಲವು ದಿನ ಓದು ನಿಂತಿತ್ತು. ಆಮೇಲೆ ಹುಲಿಗೆವ್ವನ ಮೊಮ್ಮಗಳು ಅವರ ಕುರ್ಚಿಯಲ್ಲಿ ಕೂತು ಓದಿದಳು. ಅವಳ ದನಿ ಸಣ್ಣದು, ಆದರೆ ಯಾರೂ ಗದ್ದಲ ಮಾಡಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಒಂದು ಕಾಲಿಗೆ ಗೆದ್ದಲು ಹತ್ತಿ, ಅದರ ಬುಡಕ್ಕೆ ಕಲ್ಲು ಕೊಟ್ಟಿದ್ದಾರೆ. ಒಳಗೆ ಉಕ್ಕಿನ ಮೇಜುಗಳು ಬಂದಿವೆ, ಅವುಗಳ ಮೇಲೆ ಕಂಪ್ಯೂಟರುಗಳು ಬಂದಿವೆ. ಗುಜರಿಯವನು ಎರಡು ಸಲ ನನ್ನನ್ನು ತಟ್ಟಿ ನೋಡಿದ. ಅನಸೂಯಾ ಎರಡು ಸಲವೂ ಅವನಿಗೆ ಚಹಾ ಕುಡಿಸಿ ಕಳಿಸಿದಳು. ಅವಳ ಕೂದಲೂ ಬೆಳ್ಳಗಾಗಿದೆ. ನಾನು ಪಡಸಾಲೆಯಲ್ಲಿದ್ದೇನೆ. ಇಲ್ಲಿ ಗಾಳಿ ಚೆನ್ನಾಗಿ ಬರುತ್ತದೆ. ಹೊಸ ಊರಿನ ಬೀದಿಯಲ್ಲಿ ಈಗ ಬೇವುಗಳಿವೆ, ಮನೆಗಳು ಬೇರೆ ಬೇರೆ ಬಣ್ಣದವಾಗಿವೆ, ಯಾರೂ ದಾರಿ ತಪ್ಪುವುದಿಲ್ಲ. ನನ್ನ ಮೇಲಿನ ಊರನ್ನು ಕಣ್ಣಾರೆ ಕಂಡವರು ವರ್ಷಕ್ಕೆ ಒಬ್ಬಿಬ್ಬರಂತೆ ಕಡಿಮೆಯಾಗುತ್ತಿದ್ದಾರೆ. ಮೊದಮೊದಲು ಅದಕ್ಕೆ ನನಗೆ ಸಂಕಟವಾಗುತ್ತಿತ್ತು.

ಮೊನ್ನೆ ಒಬ್ಬ ಸೊಸೆ ಬಂದಳು. ಬೇರೆ ಊರಿನಿಂದ ಮದುವೆಯಾಗಿ ಬಂದವಳು, ಅಂಗನವಾಡಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಾಳೆ. ಒಳಗೆ ಸೆಕೆಯೆಂದು ಕೂಸನ್ನು ನನ್ನ ಮೇಲೆ ಹಚ್ಚಡ ಹಾಸಿ ಮಲಗಿಸಿ, ಕಣ್ಣಿಗೆ ಕಾಣುವಂತೆ ಬಾಗಿಲ ಬಳಿ ಕೂತು ಓದತೊಡಗಿದಳು. ಹುಲಿಗೆವ್ವ ಪಕ್ಕದ ಕಟ್ಟೆಯ ಮೇಲೆ ಕೂತು ನೊಣ ಓಡಿಸುತ್ತಿದ್ದಳು. ಅವಳ ಕಣ್ಣು ಈಗ ಅಷ್ಟಾಗಿ ಕಾಣುವುದಿಲ್ಲ. ಕೂಸು ಹೊರಳಿತು, ಹಚ್ಚಡ ಸರಿಯಿತು, ಕಾಲುಗಳು ನೇಕಾರರ ಓಣಿಯನ್ನು ಒದ್ದವು. ಆಮೇಲೆ ಬೆಚ್ಚಗೆ, ಧಾರಾಳವಾಗಿ, ಗುಡಿಯಿಂದ ಹೊಳೆಯವರೆಗೆ ಉಚ್ಚೆ ಹೊಯ್ದಿತು.

ಸೊಸೆ ಗಾಬರಿಯಾಗಿ ಓಡಿಬಂದಳು. ಹಿರಿಯರ ಊರು ಹಾಳಾಯಿತಲ್ಲ, ತಪ್ಪಾಯಿತು ಅಜ್ಜಿ ಎಂದು ಕೂಸನ್ನು ಎತ್ತಿಕೊಳ್ಳಹೋದಳು. ಹುಲಿಗೆವ್ವ ತಡೆದಳು. ಕೈಯಿಂದ ತಡವಿ, ಎಲ್ಲಿಯವರೆಗೆ ಒದ್ದೆಯಾಗಿದೆಯೆಂದು ನೋಡಿದಳು. ಅವಳ ಬೊಚ್ಚು ಬಾಯಿ ಅರಳಿತು.

"ಇರ್ಲಿ ಬಿಡವ್ವಾ. ಈ ಸಲ ಮುಳುಗಿದ್ದಕ್ಕ ಯಾರೂ ಅಳಂಗಿಲ್ಲ."

ಅವಳು ಸೆರಗಿನಿಂದ ನನ್ನನ್ನು ಒರೆಸತೊಡಗಿದಳು. ಕೂಸು ಮಾತ್ರ ಎಚ್ಚರವಾಗಲಿಲ್ಲ.